ನೋವಿಗೊಂದು ಸಹಿ

ಕಾಲುವೆಗೆ ನೀರು ನಿಂತು, ಗದ್ದೆಗಳೆಲ್ಲ ಬರೀ ಕೂಳೆಯಾಗಿ ಬಿದ್ದಿರುವ ದಿನಗಳಲ್ಲಿ ಯಾರಾದರೂ ಎಣ್ಣೆ ಕೇಳಿಕೊಂಡು ಬಂದರೆ ಅನ್ನಪೂರ್ಣಳ ಕಿವಿ ನೆಟ್ಟಗಾಗುತ್ತಿತ್ತು. ನವಲಿಯಲ್ಲಿ ಅವಳದು ಬೀಜ, ಗೊಬ್ಬರ, ಎಣ್ಣೆಯ ಅಂಗಡಿ. ಬೆಳೆಗೆ ಹೊಡೆಯುವ ವಿಷಕ್ಕೆ ಆ ಕಡೆ ಎಲ್ಲರೂ ಎಣ್ಣೆ ಅಂತಲೇ ಅನ್ನುವುದು. ಗಂಡ ತೀರಿಕೊಂಡ ಮೇಲೆ ಅಂಗಡಿಯ ಗಾದಿಯ ಮೇಲೆ ತಾನೇ ಕೂತ ಅವಳು, ಗಿರಾಕಿಯ ಕೈ ನೋಡುವುದಕ್ಕಿಂತ ಮೊದಲು ಮುಖ ನೋಡುವುದನ್ನು ಕಲಿತಿದ್ದಳು.

ಆವತ್ತು ಬಿಸಿಲೇರಿದ ಹೊತ್ತಿಗೆ ಹನಮೇಶ ಬಂದ. ಹುಲಗಪ್ಪನ ಮಗ. ಮೊದಲೆಲ್ಲ ಭತ್ತ ಕೊಯ್ಯುವ ಮಷೀನು ಓಡಿಸುತ್ತಿದ್ದವನು, ಅಪ್ಪ ಹಾಸಿಗೆ ಹಿಡಿದ ಮೇಲೆ ಅದನ್ನೂ ಬಿಟ್ಟಿದ್ದ.

"ಅಕ್ಕಾರ, ಒಂದು ಬಾಟ್ಲಿ ಎಣ್ಣಿ ಕೊಡ್ರಿ."

"ಯಾವ ಬೆಳಿಗಿ?"

"ಭತ್ತಕ್ಕ."

"ಗದ್ದ್ಯಾಗ ಕೂಳಿ ಬಿಟ್ರ ಏನೈತಿ? ಕೂಳಿಗಿ ರೋಗ ಬಂದೈತೇನು?"

ಹನಮೇಶ ಗಲ್ಲಾಪೆಟ್ಟಿಗೆಯ ಮೇಲಿನ ತಕ್ಕಡಿಯನ್ನೇ ನೋಡುತ್ತ ನಿಂತ. ಅವನ ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. ಅಂಗಿಯಿಂದ ಡೆಟಾಲಿನ ವಾಸನೆ, ಅದರ ಹಿಂದೆ ಇನ್ನೊಂದು ವಾಸನೆ, ಕೊಳೆತದ್ದು.

"ನಿಮ್ಮಪ್ಪ ಹೆಂಗದಾನ?" ಅಂದಳು ಅನ್ನಪೂರ್ಣ.

ಅವನು ತಲೆ ತಗ್ಗಿಸಿದ. ಅಷ್ಟೇ ಸಾಕಾಯಿತು. ಅವಳ ನೆತ್ತಿಗೆ ರಕ್ತ ಏರಿತು. ಗಾದಿಯಿಂದ ಇಳಿದು ಬಂದವಳೇ ಅವನ ಎದೆಯ ಮೇಲಿನ ಅಂಗಿ ಹಿಡಿದಳು.

"ಹೆತ್ತಪ್ಪನ್ನ ಕೊಲ್ಲಾಕ ನನ್ನ ಅಂಗಡಿಗಿ ಬಂದಿಯೇನಲೇ? ನಿನ್ನ ಕೈಗಿ ಹುಳ ಬೀಳಲಿ!"

ಎದುರಿನ ಚಹಾದಂಗಡಿಯಲ್ಲಿ ಕೂತವರು ಎದ್ದು ನಿಂತರು. ಹನಮೇಶ ಅಂಗಿ ಬಿಡಿಸಿಕೊಳ್ಳಲಿಲ್ಲ. ಅವಳು ಅವನನ್ನು ನೂಕಿ, ಶಟರ್ ಎಳೆದು, ಸೀದಾ ಹುಲಗಪ್ಪನ ಮನೆಯ ಕಡೆಗೆ ನಡೆದಳು. ಅವನು ಹಿಂದೆಯೇ ಬಂದ.

ಹುಲಗಪ್ಪ ಅವಳಿಗೆ ರಕ್ತಸಂಬಂಧಿಯಲ್ಲ. ಕಾಲುವೆಯ ತೂಬು ತೆಗೆದು ನೀರು ಹಂಚುವ ಕೆಲಸ ಮಾಡಿಕೊಂಡಿದ್ದ ಮನುಷ್ಯ. ಅವಳ ಗಂಡ ಸತ್ತ ವರ್ಷ, ಎಣ್ಣೆ ಅಂಗಡಿ ಹೆಂಗಸಿನ ಕೈಯಲ್ಲಿ ಎಷ್ಟು ದಿನ ನಡೆದೀತು ಅಂತ ಊರ ಗಂಡಸರು ಹಲ್ಲು ಕಿಸಿಯುತ್ತಿದ್ದಾಗ, ಇವನು ದಿನಾ ಕೆಲಸ ಮುಗಿಸಿ ಬಂದು ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಸುಮ್ಮನೆ ಕೂತಿರುತ್ತಿದ್ದ. ಒಂದು ಮಾತಿಲ್ಲ, ಒಂದು ಉಪಕಾರದ ಪ್ರಸ್ತಾಪವಿಲ್ಲ. ಅವನು ಕೂತಿದ್ದಾನೆ ಅನ್ನುವುದಕ್ಕೇ ಉಳಿದವರ ನಾಲಿಗೆ ಸರಿಯಾಗಿರುತ್ತಿತ್ತು. ಅವತ್ತಿನಿಂದ ಅವಳು ಅವನನ್ನು ಕಾಕಾ ಅನ್ನುತ್ತಿದ್ದಳು.

ಅಂಥವನಿಗೆ ತಂಬಾಕು ಇಟ್ಟುಕೊಳ್ಳುತ್ತಿದ್ದ ದವಡೆಯಲ್ಲೇ ಕ್ಯಾನ್ಸರ್ ಎದ್ದಿತ್ತು. ದೊಡ್ಡ ಊರಿನ ದವಾಖಾನೆಯಲ್ಲಿ ಕೊಯ್ದರು, ಕರೆಂಟು, ಅಂದರೆ ರೇಡಿಯೇಶನ್, ಕೊಟ್ಟರು, ಮತ್ತೆ ಬಂತು. ಇನ್ನೇನೂ ಮಾಡಲಾಗುವುದಿಲ್ಲ, ಮನೆಗೆ ಕರೆದುಕೊಂಡು ಹೋಗಿ ಅಂದರು.

ಒಳಗೆ ಹೊರಸಿನ ಮೇಲೆ ಹುಲಗಪ್ಪ ಗೋಡೆಗೆ ಒರಗಿ ಕೂತಿದ್ದ. ಅರ್ಧ ಮುಖಕ್ಕೆ ಟವೆಲ್ಲು. ಮಾತು ತೊದಲಿದರೂ ಕಿವಿಗೊಟ್ಟವರಿಗೆ ತಿಳಿಯುತ್ತಿತ್ತು.

"ನಿನ್ನ ಧ್ವನಿ ಓಣಿ ತುದಿಯಿಂದ ಕೇಳ್ತು. ಅವಗ್ಯಾಕ ಬೈತಿ? ನಾನ ಕಳಿಸಿದ್ದೆ."

ಅನ್ನಪೂರ್ಣ ಬಾಗಿಲಲ್ಲೇ ನಿಂತಳು. ಸಿಟ್ಟು ಯಾರ ಕಡೆಗೆ ತಿರುಗಬೇಕೋ ತಿಳಿಯದೆ ಒಂದು ಗಳಿಗೆ ತಡವರಿಸಿ, ಕಡೆಗೆ ಅವನ ಮೇಲೇ ಹರಿಯಿತು.

"ನಾಚಿಕಿ ಆಗೋದಿಲ್ಲೇನು ಕಾಕಾ? ಮಗನ ಕೈಲೆ ವಿಷ ತರಿಸ್ತಿ, ನನ್ನ ಕೈಲೆ ಕೊಡಿಸ್ತಿ!"

"ಭೂಮಿ ಮ್ಯಾಲಿನ ಹುಳಕ್ಕೆಲ್ಲ ನಿನ್ನ ಅಂಗಡ್ಯಾಗ ಔಷಧ ಐತಿ. ನಾನೂ ಒಂದು ಹುಳ ಅಂತ ತಿಳ್ಕೊ."

"ಅದನ್ನ ಕುಡಿದವರನ್ನ ನೋಡೀನಿ ನಾ. ಅದು ಬಿಡುಗಡಿ ಅಲ್ಲ. ಈಗಿನ ನೋವಿನ ಅಪ್ಪ ಅದು."

"ಈಗಿನ ನೋವು ನಿನಗೇನ ಗೊತ್ತು?"

ಹುಲಗಪ್ಪ ಟವೆಲ್ಲು ತೆಗೆದ. ಅನ್ನಪೂರ್ಣ ನೋಡಿದಳು. ಮುಖ ತಿರುಗಿಸಬಾರದು ಅಂತ ಹಲ್ಲು ಕಚ್ಚಿ ನೋಡಿದಳು. ಆಮೇಲೆ ಹನಮೇಶನ ಕಡೆ ತಿರುಗಿ, "ಏನ ಗುಳಿಗಿ ಕೊಡ್ತಿ?" ಅಂದಳು. ಅವನು ಗೂಡಿನಿಂದ ಚೀಟಿಸಮೇತ ತಂದು ತೋರಿಸಿದ. ಮೈಕೈ ನೋವು, ಜ್ವರ ಬಂದರೆ ಅವಳೇ ನುಂಗುವಂಥ ಗುಳಿಗೆಗಳು.

"ಇಷ್ಟ?"

"ಇಷ್ಟ ರೀ ಅಕ್ಕಾರ. ಇನ್ನೇನೂ ಇಲ್ಲಂದ್ರು."

ಹನಮೇಶ ನೀರು ತರಲು ಹೊರಗೆ ಹೋದಾಗ ಹುಲಗಪ್ಪ ಅವಳನ್ನು ಹತ್ತಿರ ಕರೆದ. "ಅವನ್ನ ನೋಡ್ದಿ? ಈ ಗಾಯ ತೊಳಿಯೋದು, ನಾ ಒದರೋದು ಕೇಳೋದು. ನನ್ನ ನೋವು ನಾ ತಡಕೊಂಡೇನು, ಅವನ ಮಾರಿ ನೋಡಾಕಾಗವಲ್ದು."

ಅವಳಿಗೆ ಅದೇ ಹೆಚ್ಚು ಚುಚ್ಚಿತು. ಈ ಮನುಷ್ಯ ಸಾವು ಕೇಳುತ್ತಿರುವುದು ತನಗಾಗಿಯೋ, ಮಗನಿಗಾಗಿಯೋ? ಅವನಿಗಾದರೂ ಗೊತ್ತಿದೆಯೋ ಇಲ್ಲವೋ.

ಓಣಿಯಲ್ಲಿ ಹನಮೇಶ ಕೊಡ ಇಳಿಸಿ ನಿಂತಿದ್ದ. "ನೀವು ಬೈದಿದ್ದು ಖರೇನ ಐತ್ರಿ ಅಕ್ಕಾರ," ಅಂದ. "ಅಪ್ಪ ಎಣ್ಣಿ ತಾ ಅಂದಾಗ ನಾ ಬ್ಯಾಡ ಅನ್ನಲಿಲ್ಲ. ಒಂದು ಗಳಿಗಿ ಎದಿ ಹಗೂರಾತು. ಅದು ನನಗ ಗೊತ್ತಾತು."

ಅವಳು ಅಂಗಡಿಗೆ ಬಂದು ಮೈದುನ ಗೌರೀಶನಿಗೆ ಫೋನು ಹಚ್ಚಿದಳು. ಅವನು ಕೊಪ್ಪಳದಲ್ಲಿ ವಕೀಲ.

"ಅತ್ತಿಗಿ, ಈಗಿನ ಕಾನೂನಿನ್ಯಾಗ ಇರೋದು ಇಷ್ಟ ನೋಡ್ರಿ," ಅಂದ ಗೌರೀಶ. "ಯಂತ್ರದ ಮ್ಯಾಲ ಉಸರಾಡೋರಿದ್ರ, ಇನ್ನ ಉಳಿಯಂಗಿಲ್ಲ ಅಂತ ಡಾಕ್ಟರ್ ಮಂಡಳಿಗಳು ನೋಡಿ ಒಪ್ಪಿದ್ರ, ಯಂತ್ರ ತೆಗಿಬಹುದು. ಔಷಧ ಕೊಟ್ಟು ಕಳಿಸೋದಿಲ್ಲ. ಅದು ಅಪರಾಧ."

"ಇವನಿಗಿ ಯಂತ್ರಾನ ಇಲ್ಲಲ್ಲೋ. ಏನ ತೆಗಿತಾರ?"

"ಅದಕ್ಕ ನಾವು ಹೊಸಾ ಕಾನೂನು ಬೇಕನ್ನೋದು. ಐತವಾರ ಇಲ್ಲೆ ವಿಚಾರ ಸಂಕಿರಣ ಐತಿ, ದೊಡ್ಡ ದೊಡ್ಡ ಡಾಕ್ಟರೂ ಬರ್ತಾರ. ಕಾಕಾನ್ನ ಕರಕೊಂಡು ಬರ್ರಿ, ತೋರಿಸೋಣು."

ಡಾಕ್ಟರು ಅನ್ನುವ ಒಂದು ಮಾತಿಗಾಗಿ ಅವಳು ಒಪ್ಪಿದಳು. ಹುಲಗಪ್ಪನಿಗೆ ಹೇಳಿದಾಗ ಅವನು ಬೇಡ ಅನ್ನಲಿಲ್ಲ. "ಸಾಯೋ ವಿಷಯ ಅಂದ್ರ ನನ್ನ ವಿಷಯಾನ. ಬರ್ತೀನಿ," ಅಂದ.

ಐತವಾರ ಊರಿನ ದಾದೇಸಾಬನ ಬಾಡಿಗೆ ಕಾರು ಮಾಡಿಕೊಂಡು ಮೂವರೂ ಹೊರಟರು. ಗಂಗಾವತಿ ದಾಟುವ ತನಕ ದಾದೇಸಾಬ ಒಂದೊಂದು ಗುಂಡಿಯನ್ನೂ ತಪ್ಪಿಸಿ ಓಡಿಸಿದ. ತಪ್ಪಿಸಲಾಗದ ಗುಂಡಿಗೆ ಹುಲಗಪ್ಪ ನರಳಿದಾಗಲೆಲ್ಲ ರಸ್ತೆ ಮಾಡಿದವರ ವಂಶವನ್ನೇ ಬೈದ.

ಕೊಪ್ಪಳದ ಸಭಾಂಗಣದಲ್ಲಿ ಜನ ತುಂಬಿದ್ದರು. ವೇದಿಕೆಯ ಹಿಂದೆ 'ಘನತೆಯ ಮರಣ: ಹಕ್ಕೋ, ಅಪಾಯವೋ?' ಅಂತ ಬ್ಯಾನರು. ಗೌರೀಶ ಓಡಿಬಂದು ಹುಲಗಪ್ಪನನ್ನು ಮುಂದಿನ ಸಾಲಿನಲ್ಲಿ ಫ್ಯಾನಿನ ಕೆಳಗೆ ಕೂಡಿಸಿದ. ಮುಂದಿನ ಸಾಲೇ ಯಾಕೆ ಅಂತ ಅನ್ನಪೂರ್ಣಳಿಗೆ ಆಗ ಹೊಳೆಯಲಿಲ್ಲ.

ಮೊದಲು ಗೌರೀಶ ಮಾತಾಡಿದ. ಮನುಷ್ಯನ ದೇಹ ಅವನದೇ, ಗುಣವಾಗದ ನೋವಿನಲ್ಲಿ ನರಳುವವನಿಗೆ ಹೋಗುವ ಬಾಗಿಲು ಮುಚ್ಚಲು ಸರ್ಕಾರ ಯಾರು ಅಂದ. ಚಪ್ಪಾಳೆ ಬಿತ್ತು. ಆಮೇಲೆ ರುದ್ರೇಶ ಅನ್ನುವ ನಿವೃತ್ತ ಪ್ರೊಫೆಸರರು ಎದ್ದರು. ಈ ನಾಡಿನಲ್ಲಿ ಮುದುಕರು ತಾವಾಗಿ ಸಾವು ಬೇಡುವುದಿಲ್ಲ, ಬೇಡುವಂತೆ ನಾವು ಮಾಡುತ್ತೇವೆ. ಬಾಗಿಲು ತೆರೆದಿಟ್ಟರೆ ನೂಕುವ ಕೈಗಳು ತಾವೇ ಹುಟ್ಟುತ್ತವೆ ಅಂದರು. ಅದಕ್ಕೂ ಚಪ್ಪಾಳೆ ಬಿತ್ತು. ಮೂರನೆಯವರು ಡಾಕ್ಟರು. ಕಾನೂನು ಬಂದರೂ ಕಾವಲು ಬೇಕು ಅಂದರು: ಇಬ್ಬರು ವೈದ್ಯರ ಒಪ್ಪಿಗೆ, ಮನೋವೈದ್ಯರ ತಪಾಸಣೆ, ಮನಸ್ಸು ಬದಲಿಸಲು ಕಾಲಾವಕಾಶ, ಸಾಕ್ಷಿ.

ಅನ್ನಪೂರ್ಣಳಿಗೆ ಗೌರೀಶ, ಪ್ರೊಫೆಸರರು ಇಬ್ಬರ ಮಾತೂ ನಿಜವೇ ಅನಿಸಿತು. ಅದಕ್ಕೇ ಮೈ ಉರಿಯಿತು. ಪಕ್ಕದಲ್ಲಿ ಹುಲಗಪ್ಪ ಕುರ್ಚಿಯ ಕೈಯನ್ನು ಬೆರಳು ಬೆಳ್ಳಗಾಗುವಷ್ಟು ಒತ್ತಿ ಹಿಡಿದು ಕೂತಿದ್ದ.

ಚರ್ಚೆ ಬಿಸಿಯೇರಿದಾಗ ಗೌರೀಶ ಕೈ ಚಾಚಿದ. "ಪುಸ್ತಕದ ಮಾತು ಬಿಡಿ. ಇಗೋ, ನಮ್ಮ ಎದುರಿಗೇ ಕುಳಿತಿದ್ದಾರೆ ಹಿರಿಯರು. ಇವರ ಮುಖ ನೋಡಿ, ಆಮೇಲೆ ಬೇಡ ಎನ್ನಿ!"

ಎಲ್ಲರ ಕುತ್ತಿಗೆಯೂ ತಿರುಗಿತು. ಎಷ್ಟೋ ಮೊಬೈಲುಗಳು ಮೇಲೆದ್ದವು. ಮೈಕು ತನ್ನ ಕೈಗೆ ಬರುತ್ತದೆ ಅಂದುಕೊಂಡ ಹುಲಗಪ್ಪ ಟವೆಲ್ಲು ಸರಿಪಡಿಸಿಕೊಂಡು ಎದ್ದು ನಿಲ್ಲಲು ನೋಡಿದ. ಮೈಕು ಬರಲಿಲ್ಲ. ಅದನ್ನು ಪ್ರೊಫೆಸರರು ತೆಗೆದುಕೊಂಡರು.

"ಪಕ್ಕದಲ್ಲಿರುವವನು ಮಗನಲ್ಲವೇ? ನಾನು ಅವನನ್ನೇ ಕೇಳುತ್ತೇನೆ. ಪ್ರಾಮಾಣಿಕವಾಗಿ ಹೇಳಪ್ಪ, ಅಪ್ಪ ಬೇಗ ಹೋದರೆ ಸಾಕು ಅಂತ ನಿನಗೆ ಒಮ್ಮೆಯೂ ಅನಿಸಿಲ್ಲವೇ?"

ಹನಮೇಶನ ಮುಖ ಸುಟ್ಟ ಬದನೆಕಾಯಿಯಂತಾಯಿತು. ತುಟಿ ಅಲುಗಿತು, ಮಾತು ಹೊರಡಲಿಲ್ಲ.

"ನೋಡಿ," ಅಂದರು ಪ್ರೊಫೆಸರರು ಸಭೆಗೆ, "ಈ ಮೌನಕ್ಕೇ ನಾನು ಹೆದರುವುದು."

ಅನ್ನಪೂರ್ಣ ಎದ್ದದ್ದು ಅವಳಿಗೇ ತಿಳಿಯಲಿಲ್ಲ. ವೇದಿಕೆಯ ಅಂಚಿಗೆ ಹೋಗಿ ಅಲ್ಲಿದ್ದ ಇನ್ನೊಂದು ಮೈಕನ್ನು ಕಿತ್ತುಕೊಂಡಳು.

"ಎರಡೂ ಕಡೆಯವರು ಕೂಡಿ ಈ ಮನಷ್ಯಾನ್ನ ಸಂತ್ಯಾಗಿನ ಎತ್ತು ಮಾಡೀರಲ್ರಿ! ಒಬ್ಬರು ಹಲ್ಲು ನೋಡ್ತೀರಿ, ಒಬ್ಬರು ಕಾಲು ನೋಡ್ತೀರಿ. ಗಾಯ ತೊಳಿಯೋ ಮಗನ್ನ ನಿಲ್ಲಿಸಿ ಕೊಲೆಗಡುಕನ ಹಂಗ ಕೇಳ್ತೀರಿ. ಸಾಯಾಕ ಇಬ್ಬರು ಡಾಕ್ಟರ್ ಬೇಕಂತೀರಿ, ನೋವಿಗಿ ಒಬ್ಬ ಡಾಕ್ಟರೂ ಸಿಗಲಿಲ್ಲಲ್ಲ ಇವನಿಗಿ!"

"ಅಮ್ಮಾ, ಪ್ರಶ್ನೋತ್ತರ ಕಡೆಯಲ್ಲಿದೆ," ಅಂತ ನಿರೂಪಕಿ ಹತ್ತಿರ ಬಂದಳು. ಮೈಕು ಸತ್ತಿತು. ಮೈಕಿಲ್ಲದೆಯೂ ಅನ್ನಪೂರ್ಣಳ ಧ್ವನಿ ಹಿಂದಿನ ಗೋಡೆಗೆ ಮುಟ್ಟುತ್ತಿತ್ತು. ಗೌರೀಶನ ಕಡೆ ತಿರುಗಿದಳು. "ನಿಮ್ಮಣ್ಣನ ಮಣ್ಣಿಗೂ ಬರದಾವ ನೀ, ಸಾವಿನ ಬಗ್ಗೆ ಭಾಷಣ ಮಾಡ್ತಿ!"

ಅಂದ ಮೇಲೆ ಅವಳಿಗೇ ಧಸಕ್ಕೆಂದಿತು. ಅಣ್ಣ ಸತ್ತಾಗ ಗೌರೀಶ ಡೆಂಗ್ಯೂ ಜ್ವರದಲ್ಲಿ ಎಚ್ಚರ ತಪ್ಪಿ ಮಲಗಿದ್ದ. ಅದು ಅವಳಿಗೆ ಗೊತ್ತಿತ್ತು. ಗೌರೀಶ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಅವಳು ಕಾಕಾನ ತೋಳು ಹಿಡಿದು, ಹನಮೇಶನನ್ನು ಎಬ್ಬಿಸಿಕೊಂಡು ಹೊರಗೆ ನಡೆದಳು.

ಹೊರಗೆ ಬೇವಿನ ನೆರಳಿನಲ್ಲಿ ಮೆಟ್ಟಿಲ ಮೇಲೆ ಹುಲಗಪ್ಪನನ್ನು ಕೂಡಿಸಿದಳು. ಅವನು ಅವಳ ಕೈ ಕೊಡವಿದ.

"ಅಷ್ಟು ಮಂದಿ ಮಾತಾಡಿದ್ರು. ನೀನೂ ಮಾತಾಡಿದಿ. ನನಗ ಯಾರರೆ ಕೇಳಿದ್ರೇನು?"

"ನಿನ್ನ ಸಲುವಾಗೇ ಕಾಕಾ..."

"ಎಲ್ಲಾರೂ ನನ್ನ ಸಲುವಾಗೇ ಮಾತಾಡಿದ್ರು!" ಕೂಗಿದ್ದಕ್ಕೆ ಟವೆಲ್ಲಿನ ಮೇಲೆ ರಕ್ತ ಒಸರಿತು. "ಅವ ಸಾಯಲಿ ಅಂದ, ಇವ ಸಾಯಬಾರದು ಅಂದ, ನೀ ಬೈದಿ. ನಾನೇನು ಗೋಡಿಗಿ ಹಾಕಿದ ಫೋಟೋ ಏನು?"

ಅವಳು ಅವನ ಎದುರು ನೆಲದ ಮೇಲೆ ಕೂತಳು. "ತಪ್ಪಾತು. ಈಗ ಕೇಳ್ತೀನಿ. ಏನ ಬೇಕು ನಿನಗ?"

ಹುಲಗಪ್ಪ ಉಸಿರು ಸುಧಾರಿಸಿಕೊಂಡ. "ಮೊದಲು ಈ ಉರಿ ನಿಲ್ಲಲಿ. ಆಮ್ಯಾಲ ಕೇಳು. ಉರಿಯಾಗ ನಿಂತಾವನ್ನ ಏನ ಬೇಕು ಅಂತ ಕೇಳಬಾರದವ್ವ. ಕಂಡ ಭಾವಿಗಿ ಹಾರ್ತಾನ."

ಹಿಂದಿನಿಂದ ಯಾರೋ ಬಂದು ನಿಂತದ್ದು ಆಗ ಗೊತ್ತಾಯಿತು. ಹರೆಯದ ಡಾಕ್ಟರು, ಅಜೀಮ ಅಂತ ಹೆಸರು. ಸಭೆಯ ಹಿಂದಿನ ಸಾಲಿನಲ್ಲಿದ್ದವನು. ಮೆಟ್ಟಿಲ ಮೇಲೆ ಕೂತು ಹುಲಗಪ್ಪನನ್ನೇ ಕೇಳಿದ: ನೋವು ಎಲ್ಲಿಂದ ಎಲ್ಲಿಗೆ ಹರಿಯುತ್ತದೆ, ನುಂಗಲು ಬರುತ್ತದೋ, ನಿದ್ದೆ ಎಷ್ಟು. ಉತ್ತರಕ್ಕೆ ಅವಸರ ಮಾಡದೆ ಕಾದ. ಆಮೇಲೆ ಹನಮೇಶ ತೋರಿಸಿದ ಗುಳಿಗೆ ನೋಡಿ, "ಮಾರ್ಫಿನ್ ಯಾರೂ ಶುರು ಮಾಡಿಲ್ಲೇನ್ರಿ?" ಅಂದ.

"ಅದೇನದು?" ಅಂದಳು ಅನ್ನಪೂರ್ಣ.

"ಇಂಥಾ ನೋವಿಗೇ ಇರೋ ಗುಳಿಗಿ ರೀ. ಪೂರ್ತಿ ಹೋಗದಿದ್ರೂ ಮನುಷ್ಯಾ ಮಲಗೋ ಹಂಗಾಗ್ತತಿ. ಆದ್ರ ಎಲ್ಲಾ ಕಡೆ ಸಿಗಂಗಿಲ್ಲ. ಅಮಲಿನ ಮದ್ದು ಅಂತ ಕಾನೂನು ಬಿಗಿ. ಕೆಟ್ಟವರ ಕೈಗಿ ಸಿಗಬಾರದು ಅಂತ ಕೀಲಿ ಹಾಕ್ಯಾರ. ಆ ಕೀಲಿಗಿ ಹೆದರಿ ಬರೆಯೋರೂ ಬರೆಯಂಗಿಲ್ಲ. ನಮ್ಮ ದವಾಖಾನ್ಯಾಗ ಐತಿ, ನಾಳೆ ಬರ್ರಿ."

ಅನ್ನಪೂರ್ಣ ಅವನ ಮುಖವನ್ನೇ ನೋಡಿದಳು. ಸಂತೋಷವಾಗಬೇಕಿತ್ತು. ಅದರ ಬದಲು ಸಿಟ್ಟು ಉಕ್ಕಿತು. "ಅಂದ್ರ ಇದು ಮೊದಲಿಂದ ಇತ್ತು? ಇವ ಗೋಡಿಗಿ ತಲಿ ಬಡಕೊಳ್ಳುವಾಗೆಲ್ಲ ಇತ್ತು?"

ಅಜೀಮ "ಇತ್ರಿ" ಅಂದ. ಬೇರೆ ಸಮಜಾಯಿಷಿ ಹೇಳಲಿಲ್ಲ.

ಆ ಗುಳಿಗೆ ಶುರುವಾದ ವಾರದಲ್ಲೇ ಹುಲಗಪ್ಪ ಮಲಗಿ ನಿದ್ದೆ ಮಾಡಿದ. ಮೊದಲ ದಿನ ಹನಮೇಶ ಹೆದರಿ, ಮೂಗಿನ ಹತ್ತಿರ ಕೈಯಿಟ್ಟು ಇಟ್ಟು ನೋಡಿದ. ಆಮೇಲೆ ಮುದುಕ ಗಂಜಿ ಕುಡಿಯತೊಡಗಿದ. ಸೊಸೆ ರೇಣುಕಮ್ಮನ ಸಾರಿಗೆ ಉಪ್ಪಿಲ್ಲ ಅಂತ ಬೈದ. ಈಗಿನ ನೀರು ಬಿಡುವವನಿಗೆ ತೂಬು ಯಾವುದು, ತೂತು ಯಾವುದು ಗೊತ್ತಿಲ್ಲ ಅಂತ ಬೈದ. ಬೈಗುಳ ಕೇಳಿ ರೇಣುಕಮ್ಮ ಅಡುಗೆಮನೆಯಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಒಂದು ಸಂಜೆ ಅನ್ನಪೂರ್ಣ ಹೊರಸಿನ ಪಕ್ಕ ಕೂತಳು. "ಈಗ ಕೇಳಲೇನು ಕಾಕಾ?"

"ಕೇಳ್ತಿ ಅಂತ ಗೊತ್ತಿತ್ತು." ಹುಲಗಪ್ಪ ಸೂರು ನೋಡಿದ. "ನೋವು ಇಳದೈತಿ, ಬ್ಯಾಸರ ಇಳದಿಲ್ಲ. ನಾ ಸಾಕಾಗೀನಿ ಅನ್ನೋದು ಖರೆ. ಆದ್ರ ಇವತ್ತು ಯಾರರೆ ಕಾನೂನು ಪ್ರಕಾರ ಬಂದು, ತಗೋ ಯಜಮಾನ ಅಂದ್ರ, ನಾಳೆ ಬಾ ಅಂತೀನಿ. ನಾಳೆ ಏನಂತೀನೋ ಗೊತ್ತಿಲ್ಲ. ಅನ್ನಾವ ಮಾತ್ರ ನಾನಾಗಬೇಕು."

ಇನ್ನು ಬದುಕುತ್ತೇನೆ ಅನ್ನುತ್ತಾನೆ ಅಂತ ಅವಳು ಆಸೆಪಟ್ಟಿದ್ದಳು. ಅನ್ನಲಿಲ್ಲವಲ್ಲ ಅಂತ ಸಿಟ್ಟೂ ಬಂತು. ನುಂಗಿಕೊಂಡಳು.

"ಇನ್ನೊಂದು," ಅಂದ ಅವನು. "ಉಸರು ಹತ್ತಿದಾಗ ನನ್ನ ಎಲ್ಲಿಗೂ ಒಯ್ಯಬ್ಯಾಡ್ರಿ. ನಳಿಗಿ, ಯಂತ್ರ ಬ್ಯಾಡ. ಹಾಕಿ ಆಮ್ಯಾಲ ತೆಗಿಯಾಕ ಮಂಡಳಿ ಕೂಡಿಸೋದ್ಯಾಕ?" ಕುಷ್ಟಗಿಗೆ ಕೊಟ್ಟ ಮಗಳು ಕನಕಮ್ಮನಿಗೂ ಫೋನಿನಲ್ಲಿ ಇದನ್ನೇ ಹೇಳಿದ. ಅವಳು ಅತ್ತಳು, ಹೂಂ ಅನ್ನಲಿಲ್ಲ.

ಮಳೆಗಾಲ ಶುರುವಾಗುವ ಹೊತ್ತಿಗೆ ಅವನಿಗೆ ಉಸಿರು ಹತ್ತಿ ಮೇಲುಸಿರು ಶುರುವಾಯಿತು. ಕನಕಮ್ಮ ಕುಷ್ಟಗಿಯಿಂದ ಆಂಬುಲೆನ್ಸ್ ಸಮೇತ ಬಂದಳು. ಹನಮೇಶ ಹೊಸ್ತಿಲಲ್ಲಿ ಅಡ್ಡ ನಿಂತ. "ಅಪ್ಪ ಬ್ಯಾಡಂದಾನ."

"ಅಪ್ಪಗ ಬುದ್ಧಿ ಎಲ್ಲೈತಿ ಈಗ? ಸರಿಯಲೇ!" ಕನಕಮ್ಮ ಅವನ ಎದೆಗೆ ಗುದ್ದಿದಳು. ಓಣಿಯ ಜನವೆಲ್ಲ ಸೇರಿ ಒಯ್ಯಿರಿ, ಒಯ್ಯಿರಿ ಅಂದರು. ಹನಮೇಶ ಸ್ಟ್ರೆಚರ್ ಒಳಗೆ ಬಿಡಲಿಲ್ಲ, ಅಕ್ಕನನ್ನು ಮಾತ್ರ ಬಿಟ್ಟ. ಅಜೀಮ ಫೋನಿನಲ್ಲಿ ಹೇಳಿದಂತೆ ಅನ್ನಪೂರ್ಣ ತಲೆಯ ಕೆಳಗೆ ದಿಂಬು ಏರಿಸಿ, ಕಿಟಕಿ ತೆಗೆದು, ಗುಳಿಗೆ ನಾಲಿಗೆಯ ಬದಿಗಿಟ್ಟು ಕೂತಿದ್ದಳು. ಮಧ್ಯಾಹ್ನಕ್ಕೆ ಹುಲಗಪ್ಪ ಹೋದ. ಮಗನ ಕೈ ಅವನ ಕೈಯಲ್ಲಿತ್ತು. ಇನ್ನೊಂದು ಕೈಯನ್ನು ಕನಕಮ್ಮ ಹಿಡಿದಿದ್ದಳು.

"ಉಳಿಸಬಹುದಿತ್ತು. ನೀನ ಕೊಂದಿ," ಅಂದ ಕನಕಮ್ಮ ಮಣ್ಣಾದ ಮೇಲೂ ತಮ್ಮನ ಮುಖ ನೋಡಲಿಲ್ಲ. ಅನ್ನಪೂರ್ಣ ಬಾಯಿ ತೆರೆದಳು, ಮತ್ತೆ ಮುಚ್ಚಿದಳು. ಅವರಿಬ್ಬರ ಅಪ್ಪ. ತಾನು ನಡುವೆ ಮಾತಾಡುವುದು ಏನಿದೆ?

ದಿನವಾರಗಳೆಲ್ಲ ಮುಗಿದ ಮೇಲೆ ಅವಳೂ ಹನಮೇಶನೂ ಉಳಿದ ಮಾರ್ಫಿನ್ ಗುಳಿಗೆಗಳನ್ನು ತಿರುಗಿ ಕೊಡಲು ದವಾಖಾನೆಗೆ ಹೋದರು. ಮನೆಯಲ್ಲಿ ಇಟ್ಟುಕೊಳ್ಳಬಾರದು ಅಂತ ಅಜೀಮ ಹೇಳಿದ್ದ. ಔಷಧದ ಕಿಟಕಿಯ ಮುಂದೆ ಒಬ್ಬ ಹೆಂಗಸು ನಿಂತಿದ್ದಳು, ಹೆಸರು ಶಾಹಜಾದಬಿ. ಅವಳ ಗಂಡನಿಗೆ ಹೊಟ್ಟೆಯ ಕ್ಯಾನ್ಸರು. ಬೆಂಚಿನ ಮೇಲೆ ಮೊಣಕಾಲು ಎದೆಗೆ ಅವುಚಿಕೊಂಡು ಮಲಗಿದ್ದ.

"ಸಹಿ ಮಾಡೋ ಡಾಕ್ಟರ್ ತರಬೇತಿಗಿ ಹೋಗ್ಯಾರ. ಸೋಮವಾರ ಬಾ," ಅಂದ ಒಳಗಿನವನು ಅವಳಿಗೆ. ಆಮೇಲೆ ಅನ್ನಪೂರ್ಣಳ ಕೈಯಿಂದ ಗುಳಿಗೆಗಳನ್ನು ತೆಗೆದುಕೊಂಡು, ಎಣಿಸಿ, ಬರೆದುಕೊಂಡು, ಕಬ್ಬಿಣದ ಕಪಾಟಿನಲ್ಲಿಟ್ಟು ಕೀಲಿ ಹಾಕಿದ.

"ಸೋಮವಾರದ ತನ ಅವ ಏನ ಮಾಡಬೇಕು?" ಅಂದಳು ಅನ್ನಪೂರ್ಣ.

"ಕಾನೂನು ಅಮ್ಮಾ. ನಾ ಹಂಗ ಕೊಟ್ರ ನನ್ನ ನೌಕರಿ ಹೋಗ್ತತಿ."

ಅವನ ಮಾತೂ ನಿಜವೇ. ಅನ್ನಪೂರ್ಣ ಶಾಹಜಾದಬಿಯ ಕಡೆ ತಿರುಗಿದಳು. ಬಾಯಿಯ ತುದಿಗೆ ಬಂದಿದ್ದನ್ನು ತಡೆದು, ಮೊದಲು ಕೇಳಿದಳು: "ಏನ ಮಾಡೋಣವ್ವ? ನೀ ಹೇಳು."

ಶಾಹಜಾದಬಿ ಗಂಡನನ್ನು ನೋಡಿದಳು. "ಇಲ್ಲಿಂದ ಹೋಗಂಗಿಲ್ಲ ನಾ."

"ಹಂಗಾರ ಕೂಡು."

ಇಬ್ಬರೂ ಔಷಧದ ಕೋಣೆಯ ಬಾಗಿಲಿಗೆ ಅಡ್ಡಲಾಗಿ ನೆಲದ ಮೇಲೆ ಕೂತರು. ಹನಮೇಶ ಬೆಂಚಿನ ಹತ್ತಿರ ಹೋಗಿ ಆ ಮನುಷ್ಯನ ಬೆನ್ನು ನೀವತೊಡಗಿದ. ಅದು ಅವನ ಕೈಗೆ ರೂಢಿಯಾಗಿತ್ತು. ಕಾವಲುಗಾರ ಬಂದು ಏಳಿ ಅಂದ, ದೊಡ್ಡ ಸಾಹೇಬರು ಬಂದು ಪೊಲೀಸರನ್ನು ಕರೆಯುತ್ತೇನೆ ಅಂದರು. "ಕರೀರಿ," ಅಂದಳು ಅನ್ನಪೂರ್ಣ, "ಅವರ ಮುಂದ ಹೇಳ್ರಿ, ಯಾಕ ಕುಂತಾರಂತ." ಹೋಗುವವರು ಬರುವವರು ನಿಂತು ನೋಡತೊಡಗಿದರು. ಕೆಲವರು ತಮ್ಮ ಮನೆಯ ನೋವು ಹೇಳತೊಡಗಿದರು. ಬೆಂಚಿನ ಮೇಲಿನವನು ಒಮ್ಮೆ ಚೀರಿದಾಗ ಎಲ್ಲರ ಮಾತೂ ನಿಂತಿತು.

ಕಿಟಕಿಯ ಒಳಗಿನವನು ಫೋನು ಎತ್ತಿದ. ಯಾರಿಗೋ, ಆಮೇಲೆ ಇನ್ನಾರಿಗೋ ಹಚ್ಚಿದ. ಸಂಜೆಯಾಗುವ ಮೊದಲು ಅಜೀಮ ತರಬೇತಿಗೆ ಹೋಗಿದ್ದ ಊರಿನಿಂದ ಮೋಟರ್‌ಸೈಕಲ್ಲಿನ ಮೇಲೆ, ಮಳೆಯಲ್ಲಿ ತೊಯ್ದುಕೊಂಡು ಬಂದ. ತೊಯ್ದ ಕೈ ಅಂಗಿಗೆ ಒರೆಸಿಕೊಂಡು ಸಹಿ ಹಾಕಿದ. ಶಾಹಜಾದಬಿ ಗಂಡನಿಗೆ ಗುಳಿಗೆ ನುಂಗಿಸಿ, ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

"ಮುಂದಿನ ಸಲ ನಾ ಇಲ್ದಿದ್ರ?" ಅಂದ ಅಜೀಮ ಮೆಲ್ಲಗೆ.

"ಮುಂದಿನ ಸಲಾನೂ ಕೂಡ್ತೀವಿ," ಅಂದಳು ಅನ್ನಪೂರ್ಣ. ಸಿಟ್ಟು ಇಳಿದಿರಲಿಲ್ಲ. ಸೀರೆಯ ಧೂಳು ಝಾಡಿಸಿ, ಶಾಹಜಾದಬಿಯ ಗಂಡನ ಉಸಿರು ಸಮನಾಗುವ ತನಕ ಅಲ್ಲೇ ನಿಂತಿದ್ದಳು.